ಡೆತ್ ವ್ಯಾಲಿಗೆ ಹೋಗುವವರಿಗೆ: ನೀರು ಹರಿದ ದಾರಿಯಲ್ಲೇ ಇಳಿಯಿರಿ

ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ನ್ಯಾಷನಲ್ ಪಾರ್ಕಿಗೆ ಹೊರಡುವ ಹೆಚ್ಚಿನವರು ಮರಳು ದಿಬ್ಬದ ಫೋಟೋ ನೋಡಿಯೇ ಪ್ಲ್ಯಾನ್ ಹಾಕುತ್ತಾರೆ. ಆದರೆ ಇಡೀ ಪಾರ್ಕಿನಲ್ಲಿ ದಿಬ್ಬಗಳಿರುವುದು ನೂರಕ್ಕೆ ಒಂದು ಪಾಲಿಗಿಂತ ಕಮ್ಮಿ. ಉಳಿದದ್ದು ಬಂಡೆ, ಜಲ್ಲಿ, ಉಪ್ಪು. ಅದಕ್ಕೆಲ್ಲ ಈಗಿನ ಆಕಾರ ಕೊಟ್ಟದ್ದು ಬಹುಪಾಲು ನೀರು, ಅದೂ ವರ್ಷಕ್ಕೆ ಸುಮಾರು 55 ಮಿಲಿಮೀಟರ್ ಮಳೆ ಬೀಳುವ ಜಾಗದಲ್ಲಿ. ಅದಕ್ಕೇ ನಾವು ಎತ್ತರದಿಂದ ಶುರುಮಾಡಿ ಕಣಿವೆಯ ತಳಕ್ಕೆ ಇಳಿಯುತ್ತಾ ಹೋದೆವು. ನೀವೂ ಹಾಗೇ ಮಾಡಿ.

ಮೊದಲು ಕಾಲದ ವಿಷಯ. ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ನಾವು ಹೋಗಿದ್ದು ಫೆಬ್ರವರಿಯಲ್ಲಿ, ಮಧ್ಯಾಹ್ನವೂ ಆರಾಮಾಗಿ ನಡೆದಾಡಿದೆವು. ಬೇಸಿಗೆಯ ಮಾತೇ ಬೇರೆ. 1913ರ ಜುಲೈ 10ರಂದು ಇಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 56.7 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಪೆಸಿಫಿಕ್ ಸಾಗರದಿಂದ ಬರುವ ತೇವದ ಗಾಳಿ ಒಂದರ ಹಿಂದೊಂದು ಬೆಟ್ಟಸಾಲು ಹತ್ತುವಾಗ ಮಳೆಯನ್ನೆಲ್ಲ ಆ ಕಡೆಗೇ ಸುರಿಸಿಬಿಡುತ್ತದೆ. ಸಿಯೆರಾ ನೆವಾಡಾ ದಾಟಿ ಇಲ್ಲಿಗಿಳಿಯುವ ಹೊತ್ತಿಗೆ ಅದು ಒಣಗಾಳಿ. ಶಾಲೆಯಲ್ಲಿ ಮಳೆ ನೆರಳು ಪ್ರದೇಶ ಅಂತ ಓದಿದ್ದೇವಲ್ವಾ, ಅದೇ ಇದು. ಮೋಡವಿಲ್ಲ, ಗಿಡವಿಲ್ಲ, ಬರೀ ನೆಲ ಕಾಯುತ್ತದೆ. ಬಿಸಿಗಾಳಿ ಮೇಲೇರಿದರೂ ಎರಡೂ ಕಡೆಯ ಗೋಡೆಯಂಥ ಬೆಟ್ಟಗಳ ನಡುವೆ ಸಿಕ್ಕಿ, ಮತ್ತೆ ಕೆಳಗಿಳಿದು ಇನ್ನಷ್ಟು ಕಾಯುತ್ತದೆ.

ಲಾಸ್ ವೇಗಸ್‌ನಿಂದ ಕಾರಿನಲ್ಲಿ ಹೆಚ್ಚುಕಮ್ಮಿ ಎರಡು ಗಂಟೆಯ ದಾರಿ. ಒಂದು ಕಾರಿಗೆ 30 ಡಾಲರ್ ಪ್ರವೇಶ ಶುಲ್ಕ, 7 ದಿನ ನಡೆಯುತ್ತದೆ. ಟ್ಯಾಂಕ್ ಹೊರಗೇ ತುಂಬಿಸಿಕೊಳ್ಳಿ, ಒಳಗೆ ಪೆಟ್ರೋಲ್ ದುಬಾರಿ. ಒಬ್ಬರಿಗೆ ದಿನಕ್ಕೆ ಕನಿಷ್ಠ 4 ಲೀಟರ್ ನೀರು ಇಟ್ಟುಕೊಳ್ಳಿ. ಫೋನ್ ಸಿಗ್ನಲ್ ಬಹಳ ಕಡೆ ಸಿಗುವುದಿಲ್ಲ, ಜಿಪಿಎಸ್ ಕೆಲವೊಮ್ಮೆ ಇಲ್ಲದ ರಸ್ತೆಗೆ ಕರೆದೊಯ್ಯುತ್ತದೆ. ಕಾಗದದ ಮ್ಯಾಪ್ ಜೊತೆಗಿರಲಿ.

ಬೆಳಿಗ್ಗೆ ಮೊದಲು ಡಾಂಟೆಸ್ ವ್ಯೂಗೆ ಹೋಗಿ. 1,669 ಮೀಟರ್ ಎತ್ತರ, ಚಳಿ ಇರುತ್ತದೆ, ಸ್ವೆಟರ್ ಬೇಕು. ಎದುರಿನ ಪ್ಯಾನಮಿಂಟ್ ಬೆಟ್ಟಗಳ ಬುಡ ಗಮನಿಸಿ. ಪ್ರತಿ ಕಮರಿಯ ಬಾಯಿಂದಲೂ ಜಲ್ಲಿ ಬೀಸಣಿಗೆಯಂತೆ ಹರಡಿಕೊಂಡಿದೆ. ಕಮರಿಯೊಳಗೆ ರಭಸದಿಂದ ಬಂದ ನೀರು ಬಯಲಿಗೆ ಬಿದ್ದೊಡನೆ ವೇಗ ಕಳೆದುಕೊಂಡು, ದೊಡ್ಡ ಕಲ್ಲನ್ನು ಮೊದಲು, ಸಣ್ಣದನ್ನು ಮುಂದೆ, ಮಣ್ಣನ್ನು ಕೊನೆಗೆ ಬಿಟ್ಟು ಹೋಗುತ್ತದೆ. ಆ ಕಡೆ ಇವು ದೊಡ್ಡದಾಗಿ ಬೆಳೆದು ಒಂದಕ್ಕೊಂದು ಸೇರಿಕೊಂಡಿವೆ. ನೀವು ನಿಂತಿರುವ ಬೆಟ್ಟದ ಕೆಳಗಿನವು ಮಾತ್ರ ಪುಟ್ಟವು. ಇಲ್ಲಿ ಭೂಮಿಯ ಹೊರಪದರ ಎಳೆದಂತಾಗಿ ಹಿಗ್ಗುತ್ತಿದೆ, ಕಣಿವೆಯ ತಳ ಪೂರ್ವಕ್ಕೆ ವಾಲುತ್ತಾ ಕುಸಿಯುತ್ತಿದೆ. ಈ ಕಡೆಯ ಜಲ್ಲಿಯ ಅಂಚು ಹೂತುಹೋಗುತ್ತಲೇ ಇರುತ್ತದೆ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಅದೇ ಜಲ್ಲಿಯ ಹರವಿನಲ್ಲಿ ಕಪ್ಪು ಪಟ್ಟೆ, ಬಿಳಿಚಿದ ಪಟ್ಟೆ ಕಾಣುತ್ತವೆ. ಸಾವಿರಾರು ವರ್ಷ ಅಲುಗಾಡದೆ ಬಿದ್ದ ಕಲ್ಲಿನ ಮೇಲೆ ಮ್ಯಾಂಗನೀಸ್, ಕಬ್ಬಿಣ ಬೆರೆತ ತೆಳು ಕಪ್ಪು ಲೇಪ ಕೂರುತ್ತದೆ. ಬಿಳಿಚಿದ ಪಟ್ಟೆಯೆಂದರೆ ಇತ್ತೀಚೆಗೆ ನೀರು ಹರಿದ ಜಾಗ. ಕಾರು ನಿಲ್ಲಿಸುವಾಗ, ಟೆಂಟ್ ಹಾಕುವಾಗ ಇದು ನೆನಪಿರಲಿ, ಯಾಕೆಂದರೆ ಮುಂದಿನ ಸಲವೂ ನೀರು ಅಲ್ಲೇ ಬರುವ ಸಾಧ್ಯತೆ ಜಾಸ್ತಿ. ಬರೀ ಬಂಡೆ, ಗಟ್ಟಿ ನೆಲ, ಮಳೆ ಇಂಗುವುದಿಲ್ಲ. ಎಲ್ಲೋ ಬೆಟ್ಟದ ಮೇಲೆ ಸುರಿದದ್ದು ನೀಲಿ ಆಕಾಶದ ಕೆಳಗೆ ನಿಂತ ನಿಮ್ಮ ಕಾಲಬುಡಕ್ಕೆ ಬರಬಹುದು. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತ ಇಲ್ಲಿಗೆ ತಲುಪುವಾಗ ದುರ್ಬಲವಾಗಿತ್ತು, ಆದರೂ ಒಂದೇ ದಿನ ಸುಮಾರು 56 ಮಿಲಿಮೀಟರ್ ಮಳೆಯಾಯಿತು, ಅಂದರೆ ಇಡೀ ವರ್ಷದ್ದು. ರಸ್ತೆಗಳು ಕೊಚ್ಚಿಹೋಗಿ ಪಾರ್ಕ್ ಅಕ್ಟೋಬರ್ ಮಧ್ಯದವರೆಗೆ ಮುಚ್ಚಿತ್ತು. ಹೊರಡುವ ಮುಂಚೆ ಪಾರ್ಕಿನ ವೆಬ್‌ಸೈಟ್‌ನಲ್ಲಿ ರಸ್ತೆಗಳ ಸ್ಥಿತಿ ನೋಡಲೇಬೇಕು.

ಆಮೇಲೆ ಮೊಸಾಯಿಕ್ ಕ್ಯಾನ್ಯನ್. ಇಕ್ಕಟ್ಟಾದ ಕಮರಿ, ಎರಡೂ ಪಕ್ಕ ಅಮೃತಶಿಲೆ. ಗೋಡೆಯ ಮೇಲೆ ಕೈಯಾಡಿಸಿ. ಪ್ರವಾಹದಲ್ಲಿ ಬಂದ ಮರಳು, ಕಲ್ಲು ಉಜ್ಜಿ ಉಜ್ಜಿ ಎಷ್ಟು ನುಣುಪಾಗಿದೆ ಅಂದರೆ ಕೆಲವು ಕಡೆ ಶೂ ಜಾರುತ್ತದೆ. ಮೋಡ ಕಂಡರೆ ಒಳಗೆ ಹೋಗಬೇಡಿ.

ಮೆಸ್ಕೀಟ್ ಫ್ಲಾಟ್‌ನ ದಿಬ್ಬಗಳು ಅಲ್ಲಿಂದ ಹತ್ತಿರ, ಸಂಜೆಗೆ ಹೋಗಿ. ಬೆಟ್ಟ ಅಡ್ಡಬಂದು ಗಾಳಿಯ ವೇಗ ತಗ್ಗುವಲ್ಲಿ ಮರಳು ಉಳಿದುಕೊಂಡಿದೆ. ಗಾಳಿ ಬೀಸುವಾಗ ಬಗ್ಗಿ ನೋಡಿ, ಹರಳುಗಳು ನೆಲದ ಹತ್ತಿರವೇ ಕುಪ್ಪಳಿಸುತ್ತಾ ಸಾಗುತ್ತವೆ. ಗಾಳಿ ಬರುವ ಕಡೆಯ ಇಳಿಜಾರು ನಿಧಾನದ್ದು, ಹತ್ತುವುದಾದರೆ ಆ ಕಡೆಯಿಂದಲೇ ಹತ್ತಿ. ಆಚೆ ಬದಿ ಕಡಿದಾಗಿದ್ದು ಹೆಜ್ಜೆಯಿಟ್ಟಷ್ಟೂ ಕುಸಿಯುತ್ತದೆ.

ಕೊನೆಗೆ ಬ್ಯಾಡ್‌ವಾಟರ್, ಕಣಿವೆಯ ತಳದ ಉಪ್ಪಿನ ಬಯಲು, ಸಮುದ್ರ ಮಟ್ಟಕ್ಕಿಂತ 86 ಮೀಟರ್ ಕೆಳಗೆ. ಇಲ್ಲಿಂದ ನೀರಿಗೆ ಮುಂದೆ ದಾರಿಯಿಲ್ಲ. ನಿಂತು ಆವಿಯಾಗುತ್ತದೆ, ಹೊತ್ತು ತಂದ ಉಪ್ಪು ಉಳಿಯುತ್ತದೆ. ಪಾರ್ಕಿಂಗ್ ಹತ್ತಿರದ ಉಪ್ಪು ಜನ ತುಳಿದು ಚಪ್ಪಟೆಯಾಗಿದೆ, ಸುಮ್ನೆ ಅಲ್ಲೇ ಫೋಟೋ ತೆಗೆದು ವಾಪಸ್ ಬರಬೇಡಿ. ಅರ್ಧ ಗಂಟೆ ಮುಂದಕ್ಕೆ ನಡೆಯಿರಿ. ಐದಾರು ಮೂಲೆಗಳ ಬಿಳಿ ಹಾಳೆಗಳು, ಅವುಗಳ ಅಂಚಿನಲ್ಲಿ ಮೇಲೆದ್ದ ಉಪ್ಪಿನ ಬದು. ಮುಟ್ಟಿದರೆ ಪುಡಿಯಾಗುವಷ್ಟು ನಾಜೂಕು. ಇದೇ ಉಪ್ಪು ಸುತ್ತಲಿನ ಕಲ್ಲುಗಳ ಬಿರುಕಿಗೆ ಸೇರಿ, ಅಲ್ಲಿ ಹರಳಾಗಿ ಬೆಳೆದು ಕಲ್ಲನ್ನೇ ಸೀಳುತ್ತದೆ. ರಸ್ತೆಬದಿಯಲ್ಲಿ ಪದರ ಪದರವಾಗಿ ಒಡೆದ ಕಲ್ಲುಗಳನ್ನು ಹುಡುಕಿ ನೋಡಿ.

ರೇಸ್‌ಟ್ರ್ಯಾಕ್‌ನ (ಅದೊಂದು ಬತ್ತಿದ ಕೆರೆಯ ತಳ) ಚಲಿಸುವ ಕಲ್ಲುಗಳನ್ನೂ ನೋಡುವ ಆಸೆಯಿದ್ದರೆ ಅದಕ್ಕೇ ಒಂದು ಪೂರ್ತಿ ದಿನ ಇಡಿ. ಚಳಿಗಾಲದ ರಾತ್ರಿ ನಿಂತ ನೀರಿನ ಮೇಲೆ ತೆಳು ಮಂಜುಗಡ್ಡೆ ಕಟ್ಟಿ, ಬಿಸಿಲಿಗೆ ಒಡೆದು, ಗಾಳಿಗೆ ತೇಲುತ್ತಾ ಕಲ್ಲುಗಳನ್ನು ತಳ್ಳುತ್ತದೆ ಅಂತ 2014ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಲ್ಲಿಗೆ ಹೋಗುವ 43 ಕಿಲೋಮೀಟರ್ ಜಲ್ಲಿ ರಸ್ತೆ ಟೈರ್ ಸೀಳುತ್ತದೆ, ಎತ್ತರದ ಗಾಡಿ, ಗಟ್ಟಿ ಟೈರ್, ಸ್ಪೇರ್ ಟೈರ್ ಇಲ್ಲದಿದ್ದರೆ ಬೇಡ. ನೆಲ ಒದ್ದೆಯಿದ್ದರೆ ದಂಡೆಯಲ್ಲೇ ನಿಂತು ನೋಡಿ, ಒಳಗೆ ಕಾಲಿಡಬೇಡಿ, ಹೆಜ್ಜೆ ಗುರುತು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.