ನಾಗಬನಕ್ಕೆ ಬೇಲಿ ಬೇಕಿರಲಿಲ್ಲ, ಆದರೆ ಮಲ್ಪೆಯ ಕಲ್ಲುಗಳಿಗೆ?

ಕಳೆದ ಭಾನುವಾರ ಮಲ್ಪೆಯಿಂದ ಬೋಟ್ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದಲ್ಲಿ, ಅಂದರೆ ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು, ಆರು ಮೂಲೆಯ ಕಂಬಗಳಾಗಿ ನಿಂತದ್ದು ಇಲ್ಲಿದೆ. ಅಂಥ ಕಂಬದ ಮೇಲೆ ಯಾರೋ ಹೆಸರು ಕೆತ್ತಿದ್ದರು. ಹೊಟ್ಟೆ ಉರಿಯಿತು.

ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕೊಟ್ಟ ಗುರುತು ಅದು. ಪ್ರಾಣಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದರಡಿ ಕುದುರೆಮುಖದಂಥ ರಾಷ್ಟ್ರೀಯ ಉದ್ಯಾನ, ಸೋಮೇಶ್ವರದಂಥ ಅಭಯಾರಣ್ಯ, ಊರಿನವರೇ ತಮ್ಮ ಜಾಗವನ್ನು ಒಪ್ಪಿಸಿ ಮಾಡಿಕೊಳ್ಳಬಹುದಾದ ಸಮುದಾಯ ಮೀಸಲು ಪ್ರದೇಶ ಎಲ್ಲ ಬರುತ್ತವೆ. ಕಲ್ಲಿಗೆ ಅಂಥ ಗಟ್ಟಿ ಕಾಯ್ದೆ ಬೇಕು ಅಂತ 2022ರಲ್ಲಿ ಕೇಂದ್ರ ಸರ್ಕಾರ ಒಂದು ಕರಡು ಮಸೂದೆ ಹೊರತಂದಿತ್ತು.

ನಮ್ಮ ಮನೆ ಹಿಂದಿನ ನಾಗಬನ, ಅಂದರೆ ನಾಗದೇವರಿಗೆ ಬಿಟ್ಟ ಮರಗಳ ತೋಪು, ನೋಡಿ. ಯಾವ ಬೋರ್ಡೂ ಇಲ್ಲ, ಗಾರ್ಡೂ ಇಲ್ಲ. ಆದರೂ ಅಜ್ಜಿ ಅಲ್ಲಿ ಒಣ ಕಡ್ಡಿ ಕೂಡ ಮುರಿಯಲು ಬಿಡುತ್ತಿರಲಿಲ್ಲ. ಇಂಥ ಬನಗಳನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ ಪಾರಂಪರಿಕ ತಾಣವಾಗಿ ಘೋಷಿಸುವ ದಾರಿಯೂ ಇದೆ, ಪಂಚಾಯತಿನ ಜೀವವೈವಿಧ್ಯ ಸಮಿತಿಯಲ್ಲಿ ಇದನ್ನು ಎತ್ತಬಹುದು. ಬರೀ ಹಾವಿನ ಭಯ ಸಾಕಾಗುವ ಕಾಲ ಹೋಯಿತು, ಅಲ್ವಾ? ಈಗ ಬನಗಳಿಗೇ ಕಾಂಕ್ರೀಟ್ ಹಾಕುತ್ತಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ನಾನು ಈ ಘೋಷಣೆಯ ಬಗ್ಗೆ ಕೇಳುತ್ತೇನೆ.