ಮಂಕಿ ಐಲ್ಯಾಂಡಿನ ತಾಳಮದ್ದಳೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಪ್ರಾಧ್ಯಾಪಕರ ಬಗ್ಗೆ, ಕ್ಯಾಂಟೀನಿನ ಬಗ್ಗೆ ನನ್ನ ಸಹಪಾಠಿಗಳು ಬರೆದೇ ಬರೆಯುತ್ತಾರೆ. ನಾನು ಬರೆಯುವುದು ಕಂಪ್ಯೂಟರ್ ಲ್ಯಾಬಿನ ಕೊನೆಯ ಸಾಲಿನಲ್ಲಿ, ಕಿಟಕಿ ಪಕ್ಕ ಇದ್ದ ಒಂದು 486 ಯಂತ್ರದ ಬಗ್ಗೆ. ನಾವು ಓದುತ್ತಿದ್ದಾಗ, ಅಂದರೆ ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಅದರೊಳಗೆ ಮೆಲೇ ಐಲ್ಯಾಂಡ್ ಎಂಬ ಕೆರಿಬಿಯನ್ ದ್ವೀಪವೊಂದಿತ್ತು, ಒಂದು ಕಂಪ್ಯೂಟರ್ ಆಟದ ದ್ವೀಪ. ಲ್ಯಾಬ್ ಮೇಷ್ಟ್ರಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಗೊತ್ತಾಗದಂತೆ ಇಟ್ಟಿದ್ದ ಉಪಾಯವೇ ಒಂದು ಕಲೆ. ಆಲ್ಟ್ ಕೀಲಿ ಒತ್ತಿ ಹಿಡಿದು, ಬಲಗಡೆಯ ನಂಬರ್ ಪ್ಯಾಡಿನಲ್ಲಿ 255 ಹೊಡೆದರೆ, ಆಜ್ಞೆಗಳನ್ನು ಟೈಪ್ ಮಾಡಿ ನಡೆಸುವ ಡಾಸ್ ವ್ಯವಸ್ಥೆಯಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದು ಬೀಳುತ್ತಿತ್ತು. ಡೈರೆಕ್ಟರಿಯ (ಈಗಿನವರ ಫೋಲ್ಡರಿನ) ಹೆಸರಿನ ಬಾಲಕ್ಕೆ ಅದನ್ನು ಅಂಟಿಸಿಬಿಟ್ಟರೆ ಆಯಿತು. ಪಟ್ಟಿಯಲ್ಲಿ ಹೆಸರು ಕಾಣುತ್ತದೆ, ಕಂಡ ಹಾಗೇ ಟೈಪ್ ಮಾಡಿದವರಿಗೆ 'ಇಲ್ಲ' ಎಂಬ ಉತ್ತರ ಬರುತ್ತದೆ. ಸಿ ಭಾಷೆಯ ಪ್ರೋಗ್ರಾಂ ಬರೆಯುವ ಟರ್ಬೊ ಸಿ ಕಂಪೈಲರಿನ ಹೊಟ್ಟೆಯೊಳಗೆ ಅಂಥ ಒಂದು ಡೈರೆಕ್ಟರಿ ಮಾಡಿ ಹೋದವರು ನಮ್ಮ ಸೀನಿಯರ್‌ಗಳು. ಹೋಗುವಾಗ ಅದರ ಗುಟ್ಟನ್ನು ಹಾಸ್ಟೆಲ್ಲಿನ ಬಕೆಟ್ಟು, ಚಾಪೆಗಳ ಜೊತೆಗೇ ನಮಗೆ ದಾಟಿಸಿದರು.

ಆಟದ ಹೆಸರು 'ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್'. 1990ರಲ್ಲಿ ಲೂಕಾಸ್‌ಫಿಲ್ಮ್ ಗೇಮ್ಸ್ ಹೊರತಂದದ್ದು. ರಾನ್ ಗಿಲ್ಬರ್ಟ್ ಮುಖ್ಯ ರೂವಾರಿ, ಟಿಮ್ ಶೇಫರ್ ಮತ್ತು ಡೇವ್ ಗ್ರಾಸ್‌ಮನ್ ಜೊತೆಗಾರರು. ಈ ಹೆಸರುಗಳೆಲ್ಲ ನಮಗೆ ಗೊತ್ತಾದದ್ದು ಆಟದ ಶುರುವಿನಲ್ಲಿ ಬರುವ ಪಟ್ಟಿಯಿಂದ. ನಮ್ಮ ಊರಿನಲ್ಲಿ ಅಸಲಿ ಪೆಟ್ಟಿಗೆ ಮಾರುವ ಅಂಗಡಿಯೇ ಇರಲಿಲ್ಲ, ಹಾಗಾಗಿ ಕಡಲ್ಗಳ್ಳರ ಆಟ ಕಳ್ಳಪ್ರತಿಯಾಗಿಯೇ ಬಂದಿತ್ತು. ಎಆರ್‌ಜೆ ಎಂಬ, ಕಡತಗಳನ್ನು ಕುಗ್ಗಿಸುವ ತಂತ್ರಾಂಶದಲ್ಲಿ ತುಂಡು ಮಾಡಿ ಫ್ಲಾಪಿಗಳಿಗೆ ತುಂಬಿದ್ದು. ಯಾರಾದರೂ ಬೇರೆ ಕಾಲೇಜಿನವರು ನಕಲು ಕೇಳಿದರೆ, ಕೊನೆಯ ಫ್ಲಾಪಿ ಬಿಚ್ಚುವವರೆಗೂ ಉಸಿರು ಬಿಗಿಹಿಡಿದು ಕೂತಿರಬೇಕು. ನಕಲು ಕೆಟ್ಟಿದೆ ಎಂದು ಸಾರುವ ಸಿಆರ್‌ಸಿ ಎರರ್ ಬರುವುದು ಯಾವಾಗಲೂ ಕೊನೆಯದರಲ್ಲೇ.

ಆಟ ಶುರುವಾಗುವ ಮುಂಚೆ ಒಂದು ಸುಂಕದ ಕಟ್ಟೆ ಇತ್ತು, ಅಸಲಿ ಪ್ರತಿ ಕೊಂಡವರು ಮಾತ್ರ ದಾಟಲೆಂದು. ತೆರೆಯ ಮೇಲೆ ಒಬ್ಬ ಕಡಲ್ಗಳ್ಳನ ಮುಖ. ಇವನನ್ನು ಜಮೈಕಾದಲ್ಲಿ ಗಲ್ಲಿಗೇರಿಸಿದ್ದು ಯಾವ ವರ್ಷ ಎಂಬ ಪ್ರಶ್ನೆ. ಅಸಲಿ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ತಿರುಗುವ ಎರಡು ರಟ್ಟಿನ ಚಕ್ರಗಳಿರುತ್ತಿದ್ದವು. ಮೇಲಿನ ಅರ್ಧ ಮುಖಕ್ಕೆ ಕೆಳಗಿನ ಅರ್ಧ ಕೂಡಿಸಿದರೆ ಕಿಂಡಿಯಲ್ಲಿ ಇಸವಿ ಕಾಣುತ್ತದೆ. ನಮ್ಮಲ್ಲಿದ್ದದ್ದು ಅದರ ಜೆರಾಕ್ಸು. ಯಾರದೋ ಮದುವೆಯ ಕರೆಯೋಲೆಯ ದಪ್ಪ ಕಾಗದಕ್ಕೆ ಅಂಟಿಸಿ, ನಡುವೆ ಗುಂಡುಸೂಜಿ ಚುಚ್ಚಿ ಮಡಚಿದ್ದರು. ಹಿಂದೆ ತಿರುಗಿಸಿದರೆ 'ಶ್ರೀ ಗಣೇಶಾಯ ನಮಃ', ಕೆಳಗೆ ಅರ್ಧ ಕತ್ತರಿಸಿಹೋದ ಮುಹೂರ್ತ. ಜೆರಾಕ್ಸಿನಲ್ಲಿ ಎಲ್ಲ ಕಳ್ಳರ ಗಡ್ಡವೂ ಒಂದೇ ಮಸಿಯಾಗಿ, ಯಾರು ಯಾರೆಂದು ಗುರುತಿಸಲು ಒಬ್ಬ ಪರಿಣತ ಬೇಕಾಗುತ್ತಿತ್ತು. ಪ್ರಶ್ನೆಗಳಲ್ಲಿ ಬರುತ್ತಿದ್ದ ಆಂಟಿಗುವಾ, ಬಾರ್ಬಡೋಸ್, ಜಮೈಕಾ ಮಾತ್ರ ನಮಗೆ ಪರಿಚಿತ ಊರುಗಳು. ಕ್ರಿಕೆಟ್ ಕಾಮೆಂಟರಿ ಕೇಳಿ ಬೆಳೆದವರಿಗೆ ಆಂಟಿಗುವಾ ಎಂದರೆ ವಿವಿಯನ್ ರಿಚರ್ಡ್ಸ್. 1997ರ ಮಾರ್ಚ್‌ನಲ್ಲಿ ಬಾರ್ಬಡೋಸ್‌ನಲ್ಲಿ ಗೆಲ್ಲಲು ಬರೀ 120 ರನ್ ಬೇಕಿದ್ದಾಗ ನಮ್ಮವರು 81ಕ್ಕೆ ಆಲೌಟಾದ ಮೇಲಂತೂ ಆ ಊರಿನ ಹೆಸರು ತೆರೆಯಲ್ಲಿ ಬಂದರೆ ಹಿಂದೆ ನಿಂತವರು ಬೈಯುತ್ತಿದ್ದರು.

ಒಬ್ಬನ ಕೈಯಲ್ಲಿ ಮೌಸು, ಹಿಂದೆ ನಾಲ್ಕೈದು ತಲೆ. ತೆರೆಯ ಕೆಳಗಡೆ ಕ್ರಿಯಾಪದಗಳ ಸಾಲು: ತೆರೆ, ಮುಚ್ಚು, ತಳ್ಳು, ಎಳೆ, ಎತ್ತಿಕೋ, ಕೊಡು, ಮಾತಾಡು. ಕ್ರಿಯಾಪದ ಒತ್ತಿ, ಆಮೇಲೆ ವಸ್ತುವನ್ನು ಒತ್ತಬೇಕು. ಅದುವರೆಗೆ ನಾವು ಕಂಡ ಆಟಗಳಲ್ಲಿ ಗುಂಡು ಹೊಡೆಯಬೇಕಿತ್ತು, ಇಲ್ಲವೇ ಓಡಬೇಕಿತ್ತು. ಇಲ್ಲಿ ಯಾರಿಗೂ ಅವಸರವಿಲ್ಲ. ಗೈಬ್ರಷ್ ತ್ರೀಪ್‌ವುಡ್ ಎಂಬ ಬಡಕಲು ಹುಡುಗ ಕಡಲ್ಗಳ್ಳನಾಗಬೇಕೆಂದು ಬಂದಿದ್ದಾನೆ. ನಾವು ಏನೂ ಮಾಡದಿದ್ದರೆ ಅವನೂ ಸುಮ್ಮನೆ ನಿಂತಿರುತ್ತಾನೆ. ನಡುವೆ ರಾಟೆ ಇರುವ ರಬ್ಬರ್ ಕೋಳಿಯೊಂದು ಅವನ ಜೇಬಿಗೆ ಬಂದು ಸೇರಿತ್ತು. ಅದು ಯಾತಕ್ಕೆ ಎಂಬ ಪ್ರಶ್ನೆಯನ್ನು ಹೊತ್ತುಕೊಂಡು ಹಾಸ್ಟೆಲ್ ಮೆಸ್ಸಿಗೆ ಹೋಗಿ, ಸಾರನ್ನ ಉಣ್ಣುತ್ತಾ ಚರ್ಚೆ ಮಾಡಿದ್ದೇವೆ. ಕೇಳೋಣವೆಂದರೆ ಆಗ ಇಂಟರ್‌ನೆಟ್ ಎಲ್ಲಿತ್ತು? ಕೊನೆಗೆ ಹೊಳೆದದ್ದು ಮೆಕ್ಯಾನಿಕಲ್ ಬ್ರಾಂಚಿನವನಿಗೆ: ದ್ವೀಪದ ಪಕ್ಕದ ಸಣ್ಣ ನಡುಗಡ್ಡೆಗೆ ಎಳೆದ ತಂತಿಯ ಮೇಲೆ ಕೋಳಿಯ ರಾಟೆ ಸಿಕ್ಕಿಸಿ ಜಾರಿಕೊಂಡು ಹೋಗಬೇಕು.

ನಮ್ಮ ಗುಂಪಿನಲ್ಲಿ ಬಹುಪಾಲು ಕನ್ನಡ ಮಾಧ್ಯಮದವರು. ಪಠ್ಯದ ಇಂಗ್ಲಿಷ್ ಹೇಗೋ ಸಾಗುತ್ತಿತ್ತು. ಈ ಆಟದ ಇಂಗ್ಲಿಷ್ ಬೇರೆ, ಕುಚೋದ್ಯದ್ದು. ಕತ್ತಿವರಸೆಯ ಭಾಗ ಬಂದಾಗ ಎಲ್ಲರೂ ಸುಸ್ತು. ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಕತ್ತಿ ಹಿಡಿದವರು ಕತ್ತಿಗಿಂತ ಬಾಯನ್ನೇ ಹೆಚ್ಚು ಬೀಸುವುದನ್ನು ಕಂಡು ಆಟ ಕಟ್ಟಿದವರು ಹೀಗೆ ಮಾಡಿದರಂತೆ. ಎದುರಾಳಿ ಒಂದು ಬೈಗುಳ ಹೇಳುತ್ತಾನೆ, ತಕ್ಕ ಮರುಮಾತು ಆರಿಸಿದರೆ ನಾವು ಒಂದು ಹೆಜ್ಜೆ ಮುಂದೆ, ಇಲ್ಲದಿದ್ದರೆ ಹಿಂದೆ. ಹೈನುಗಾರನ ಹಾಗೆ ಕಾದಾಡುತ್ತೀಯಲ್ಲೋ ಎಂದರೆ, ಹೌದು ಮತ್ತೆ, ನೀನು ಹಸುವಿನ ಹಾಗೆ ಕಾದಾಡುತ್ತಿದ್ದೀಯಲ್ಲ ಎನ್ನಬೇಕು.

ಸಿರ್ಸಿ ಕಡೆಯ ಗೆಳೆಯನೊಬ್ಬ ಅದುವರೆಗೆ ಹಿಂದೆ ನಿಂತು ಆಕಳಿಸುತ್ತಿದ್ದವನು ಇಲ್ಲಿ ಕುರ್ಚಿ ಎಳೆದುಕೊಂಡ. "ಇದು ತಾಳಮದ್ದಳೆ ಮಾರಾಯಾ" ಅಂದ. ಅವನ ಮನೆಯಲ್ಲಿ ತಂದೆ, ದೊಡ್ಡಪ್ಪ ಎಲ್ಲ ಅರ್ಥಧಾರಿಗಳು. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಕೃಷ್ಣನೂ ಭೀಷ್ಮನೂ ಮಾತಿನಲ್ಲಿ ಯುದ್ಧ ಮಾಡುವುದನ್ನು ಕೇಳಿ ಬೆಳೆದವನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ದಾರಿಯಲ್ಲಿ ಸಿಕ್ಕ ಕಡಲ್ಗಳ್ಳರ ಹತ್ತಿರ ಬೇಕೆಂದೇ ಸೋತು, ಅವರ ಬೈಗುಳಗಳನ್ನೆಲ್ಲ ಸರ್ವೆ ರೆಕಾರ್ಡ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡ. ಆಟದ ನಿಜವಾದ ಜಾಣತನ ಆಮೇಲೆ ಬರುತ್ತದೆ. ಕತ್ತಿವರಸೆಯ ಗುರು ಕಾರ್ಲಾ ಎದುರಿಗೆ ನಿಂತಾಗ ಅವಳ ಬೈಗುಳಗಳೆಲ್ಲ ಹೊಸವು. ಹಳೆಯ ಮರುಮಾತುಗಳೇ ನಮ್ಮ ಬತ್ತಳಿಕೆ, ಅವನ್ನೇ ಹೊಸ ಮಾತಿಗೆ ಹೊಂದಿಸಬೇಕು. ಉಳಿದವರೆಲ್ಲ ಅಡ್ಡಾದಿಡ್ಡಿ ಒತ್ತಿ ಸೋಲುತ್ತಿದ್ದಾಗ ಅವನು ಒಂದೊಂದನ್ನೂ ಗಟ್ಟಿಯಾಗಿ ಕನ್ನಡದಲ್ಲಿ ಹೇಳಿಕೊಂಡು, ಯಾವುದು ಯಾವುದಕ್ಕೆ ನಾಟುತ್ತದೆ ಎಂದು ತೂಗಿ ಗೆದ್ದ. ಅದೇ ಸೆಮಿಸ್ಟರಿನ ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲಿ ಬಂದ ಒಂದು ಕೊಂಕು ಪ್ರಶ್ನೆಗೆ ಅವನು ಕೊಟ್ಟ ಉತ್ತರ ನಮ್ಮ ಬ್ಯಾಚಿನವರಿಗೆಲ್ಲ ನೆನಪಿರಬೇಕು. ಇಲ್ಲಿ ಅಚ್ಚು ಹಾಕಿಸುವಂತಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಈ ಆಟದಲ್ಲಿ ನಾಯಕ ಸಾಯುವುದಿಲ್ಲ. ಅದೇ 1990ರ 'ಕಿಂಗ್ಸ್ ಕ್ವೆಸ್ಟ್ 5' ಎಂಬ ಇನ್ನೊಂದು ಆಟ ಇದಕ್ಕೆ ತದ್ವಿರುದ್ಧ. ಅದರಲ್ಲಿ ಬೆಕ್ಕೊಂದು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ಒಂದು ಕ್ಷಣವಿದೆ. ಆಗ ಹಳೇ ಬೂಟನ್ನೋ ಕೋಲನ್ನೋ ಎಸೆದು ಇಲಿಯನ್ನು ಉಳಿಸದಿದ್ದರೆ, ಎಷ್ಟೋ ಹೊತ್ತಿನ ಮೇಲೆ ನಿಮ್ಮನ್ನು ಕಟ್ಟಿಹಾಕಿದಾಗ ಹಗ್ಗ ಕಡಿಯಲು ಯಾರೂ ಬರುವುದಿಲ್ಲ. ಅಲ್ಲಿಗೆ ಕಥೆ ಮುಗಿಯಿತು. ಇದನ್ನು ಮೆಚ್ಚುವವರೂ ಇದ್ದಾರೆ, ನಾನಂತೂ ಅವರಲ್ಲಿ ಒಬ್ಬನಲ್ಲ. ಏನನ್ನು ಮುಟ್ಟಿದರೂ ಕೆಡುವುದಿಲ್ಲ ಎಂಬ ಭರವಸೆ ಇದ್ದುದರಿಂದಲೇ ನಾವು ಮಂಕಿ ಐಲ್ಯಾಂಡಿನಲ್ಲಿ ಎಲ್ಲವನ್ನೂ ಮುಟ್ಟಿ ನೋಡಿದೆವು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಡಿಸಿ, ಪ್ರಿಂಟರ್ ಮುಟ್ಟಬೇಡಿ, ಫ್ಲಾಪಿ ಹಾಕಬೇಡಿ ಎಂದು ಬೋರ್ಡು ತೂಗಿಸಿದ್ದ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ.

ನಾಯಕ ಸಾಯುವುದಿಲ್ಲ ಎಂಬುದಕ್ಕೆ ಒಂದೇ ಒಂದು ಅಪವಾದ ಇತ್ತು. ಗೈಬ್ರಷ್ ಹತ್ತು ನಿಮಿಷ ಉಸಿರು ಕಟ್ಟಬಲ್ಲೆ ಎಂದು ಕೊಚ್ಚಿಕೊಳ್ಳುತ್ತಿರುತ್ತಾನೆ. ಒಂದು ಕಡೆ ಅವನನ್ನು ಭಾರದ ವಿಗ್ರಹಕ್ಕೆ ಕಟ್ಟಿ ಸಮುದ್ರಕ್ಕೆ ಎಸೆಯುತ್ತಾರೆ. ಸುತ್ತ ಹಗ್ಗ ಕತ್ತರಿಸುವ ಚೂಪು ವಸ್ತುಗಳ ರಾಶಿ, ಒಂದೂ ಕೈಗೆಟುಕುವುದಿಲ್ಲ. ಪರಿಹಾರ ಇಷ್ಟೇ: ವಿಗ್ರಹವನ್ನೇ ಎತ್ತಿಕೊಂಡು ಮೇಲೆ ನಡೆದು ಬರುವುದು. ಅದು ಗೊತ್ತಾದ ಮೇಲೂ ನಾವು ಒಂದು ಸಂಜೆ ಎಚ್‌ಎಂಟಿ ಗಡಿಯಾರವನ್ನು ಮಾನಿಟರಿನ ಪಕ್ಕ ಇಟ್ಟು ಸುಮ್ಮನೆ ಕೂತೆವು. ಹತ್ತು ನಿಮಿಷ ಆದಾಗ ಅವನು ನಿಜಕ್ಕೂ ಸತ್ತ! ಕೆಳಗಿದ್ದ ಕ್ರಿಯಾಪದಗಳೆಲ್ಲ ಬದಲಾಗಿ ತೇಲು, ಊದಿಕೋ, ಕೊಳೆ ಎಂದಾದವು. ಆ ಸಾಲಿನಲ್ಲಿ 'ಸುಳಿವಿನ ಪುಸ್ತಕ ತರಿಸಿಕೋ' ಎಂಬುದೂ ಇತ್ತು. ನಗು ತಡೆಯಲಾರದೆ ಅಟೆಂಡರ್ ಕೈಗೆ ಸಿಕ್ಕಿಬೀಳುವುದರಲ್ಲಿದ್ದೆವು.

ಮುಂದಿನ ವರ್ಷ ಕೈಗೆ ಬಂದದ್ದು 1993ರ 'ಡೇ ಆಫ್ ದಿ ಟೆಂಟಕಲ್' ಎಂಬ ಆಟ. ಒಂದೇ ಮನೆಯಲ್ಲಿ ಮೂವರು, ಒಬ್ಬ ಇಂದಿನಲ್ಲಿ, ಒಬ್ಬ ಇನ್ನೂರು ವರ್ಷ ಹಿಂದೆ, ಒಬ್ಬಳು ಇನ್ನೂರು ವರ್ಷ ಮುಂದೆ. ಭವಿಷ್ಯದ ಹುಡುಗಿ ಮರಕ್ಕೆ ಸಿಕ್ಕಿಹಾಕಿಕೊಂಡಿದ್ದಾಳೆ. ಅವಳು ಇಳಿಯಬೇಕಾದರೆ ಆ ಮರವನ್ನು ಹಿಂದಿನ ಕಾಲದಲ್ಲೇ ಕಡಿಸಬೇಕು. ಕಡಿಯಬೇಕಾದವನು ಜಾರ್ಜ್ ವಾಷಿಂಗ್ಟನ್, ಆದರೆ ಅದು ಚೆರ್ರಿ ಮರವಲ್ಲ. ಅಮೆರಿಕದ ಇತಿಹಾಸ ನಮಗೇನು ಗೊತ್ತಿತ್ತು? ಆದರೆ ವಾಷಿಂಗ್ಟನ್ ಚೆರ್ರಿ ಮರ ಕಡಿದು ಅಪ್ಪನಿಗೆ ನಿಜ ಹೇಳಿದ ನೀತಿಕಥೆಯನ್ನು ಪ್ರೈಮರಿಯಲ್ಲಿ ಉರು ಹೊಡೆದಿದ್ದೆವಲ್ಲ! ಹಣ್ಣುಗಳಿಗೆ ಕೆಂಪು ಬಣ್ಣ ಬಳಿದೆವು, ಅವನು ಬಂದು ಕಡಿದ. ಮಿಂಚಿನ ಪ್ರಯೋಗದ ಫ್ರಾಂಕ್ಲಿನ್ನನ ಗಾಳಿಪಟದ ಒಗಟನ್ನೂ ವಿಜ್ಞಾನದ ಪಾಠವೇ ಬಿಡಿಸಿಕೊಟ್ಟಿತು. ಆ ಮನೆಯ ಒಂದು ಕೋಣೆಯ ಕಂಪ್ಯೂಟರನ್ನು ಒತ್ತಿದರೆ 1987ರ 'ಮೇನಿಯಾಕ್ ಮ್ಯಾನ್ಶನ್' ಆಟ ಇಡಿಯಾಗಿ ತೆರೆದುಕೊಳ್ಳುತ್ತಿತ್ತು, ಆಟದೊಳಗೆ ಆಟ. ಇದು ಕಂಡ ದಿನ ಯಾರೂ ಇಂಟರ್ನಲ್ಸ್‌ಗೆ ಓದಲಿಲ್ಲ.

ಲ್ಯಾಬಿಗೆ ಸಿಡಿ ಡ್ರೈವ್ ಬಂದ ಮೇಲೆ 'ಮಿಸ್ಟ್' ಎಂಬ ಆಟ ನೋಡಿದೆವು. ಚಿತ್ರಗಳು ಅದ್ಭುತವಾಗಿದ್ದವು. ಮಾತಾಡಿಸಲು ಜನರೇ ಇಲ್ಲದ ದ್ವೀಪ ನಮ್ಮ ಗುಂಪಿಗೆ ಒಗ್ಗಲಿಲ್ಲ. ಧ್ವನಿಯ ವಿಷಯಕ್ಕೆ ಬಂದರೆ, ಲ್ಯಾಬಿನ ಯಂತ್ರಕ್ಕೆ ಸೌಂಡ್ ಕಾರ್ಡ್ ಇರಲಿಲ್ಲ. ಮೈಕೇಲ್ ಲ್ಯಾಂಡ್ ಸಂಯೋಜಿಸಿದ ಮಂಕಿ ಐಲ್ಯಾಂಡಿನ ಸಂಗೀತವನ್ನು ನಾನು ವರ್ಷಗಟ್ಟಲೆ ಪಿಸಿ ಸ್ಪೀಕರಿನ ಕೀಂಕೀಂ ಎಂದೇ ತಿಳಿದಿದ್ದೆ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸಹೋದ್ಯೋಗಿಯ ಮನೆಯಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಸೌಂಡ್ ಕಾರ್ಡಿನಲ್ಲಿ ಅದನ್ನು ಕೇಳಿ, ಇದು ಬೇರೆ ಆಟ ಎಂದು ವಾದಿಸಿದ್ದೂ ಉಂಟು.

ಹಳೆಯ ಯಂತ್ರಗಳು ಗುಜರಿಗೆ ಹೋದರೂ ಆಟಗಳು ಉಳಿದವು. 2001ರಲ್ಲಿ ಶುರುವಾದ ಸ್ಕಮ್‌ವಿಎಂ ಎಂಬ ಉಚಿತ ತಂತ್ರಾಂಶ ಈಗ ಮೊಬೈಲಿನಲ್ಲೂ ಇವನ್ನು ಓಡಿಸುತ್ತದೆ. ಅಸಲಿ ಪ್ರತಿಗಳೂ ಈಗ ಕೈಗೆಟುಕುವ ಬೆಲೆಗೆ ಸಿಗುತ್ತವೆ. 1994ರ 'ಬಿನೀತ್ ಎ ಸ್ಟೀಲ್ ಸ್ಕೈ' ಆಟವನ್ನು ಅದರ ಒಡೆಯರೇ 2003ರಿಂದ ಪುಕ್ಕಟೆ ಕೊಡುತ್ತಿದ್ದಾರೆ. ಈಗ ಕಾಲೇಜಿನಲ್ಲಿರುವವರು ಅಲ್ಲಿಂದ ಶುರು ಮಾಡಬಹುದು.

2022ರಲ್ಲಿ ರಾನ್ ಗಿಲ್ಬರ್ಟ್ 'ರಿಟರ್ನ್ ಟು ಮಂಕಿ ಐಲ್ಯಾಂಡ್' ತಂದಾಗ ನಮ್ಮ ಗುಂಪಿನವರೆಲ್ಲ ದುಡ್ಡು ಕೊಟ್ಟೇ ಕೊಂಡೆವು. ಅದರಲ್ಲಿ ಸುಳಿವಿನ ಪುಸ್ತಕ ಗೈಬ್ರಷ್‌ನ ಜೇಬಿನಲ್ಲೇ ಇರುತ್ತದೆ, ಬೇಕೆನಿಸಿದಾಗ ತೆರೆಯಬಹುದು. ಇದು ಅನುಕೂಲವೋ ಅನ್ಯಾಯವೋ ಎಂದು ವಾಟ್ಸಾಪ್ ಗುಂಪಿನಲ್ಲಿ ಜಗಳ ಎದ್ದಿತು. ಅದನ್ನು ತೆರೆಯುವವರು ತಾಳಮದ್ದಳೆಗೆ ಚೀಟಿ ಇಟ್ಟುಕೊಂಡು ಬರುವ ಅರ್ಥಧಾರಿಗಳು ಎಂದು ಸಿರ್ಸಿಯವನು ಬರೆದ. ಅವನಿಗೆ ತಕ್ಕ ಮರುಮಾತು ನಮ್ಮಲ್ಲಿ ಯಾರಿಗೂ ಇನ್ನೂ ಹೊಳೆದಿಲ್ಲ.