ಡ್ಯಾಶ್‌ಬೋರ್ಡ್ ಬಿಚ್ಚೂಕಿಂತ ಮೊದ್ಲ ಹಸಿ ಕಾರ್ಪೆಟ್ ಮೂಸಿ ನೋಡ್ರಿ

ಹೀಟರ್ ಕೋರ್ ಅನ್ನೋದು ಒಂದು ಅದ ಅಂತ ಅದು ಸೋರೂ ತನಕ ಗಾಡಿ ಮಾಲಕ್ರಿಗೆ ಗೊತ್ತಿರೂದಿಲ್ಲ. ಡ್ಯಾಶ್‌ಬೋರ್ಡ್ ಹಿಂದ, ನಡುವ ಇಲ್ಲಾ ಎಡಗಡೆ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗ ಕೂತಿರೋ ಸಣ್ಣ ರೇಡಿಯೇಟರ್ ಅದು. ಇಂಜಿನ್ ತಣ್ಣಗಿಡೋ ದ್ರವ, ಅಂದ್ರ ಕೂಲಂಟ್, ಕಾದು 80-90 ಡಿಗ್ರಿ ಇರ್ತದ, ಒಂದು ಹೋಸ್ ಪೈಪಿನಿಂದ ಬಂದು ಇನ್ನೊಂದರಿಂದ ವಾಪಸ್ ಹೋಗ್ತದ, ಬ್ಲೋವರ್ ಫ್ಯಾನ್ ಅದರೊಳಗಿಂದ ಗಾಳಿ ಹಾಯಿಸ್ತದ, ಕ್ಯಾಬಿನ್ ಬೆಚ್ಚಗಾಗ್ತದ, ಅಷ್ಟ. ಸಾಮಾನು ಎರಡು ಅಂಗೈಯಷ್ಟು. ಅದರ ತನಕ ಕೈ ಹೋಗಬೇಕಂದ್ರ ಮಾತ್ರ ಭಾಳಷ್ಟು ಹಳೇ ಪಿಕಪ್‌ದಾಗ ಪೂರಾ ಡ್ಯಾಶ್‌ಬೋರ್ಡ್ ಕೀಳಬೇಕು, ಅದಕ್ಕ ಗ್ಯಾರೇಜಿನಾಗ ಈ ಕೆಲಸ ಬಂತಂದ್ರ ಎಲ್ಲಾರಿಗೂ ಒಮ್ಮೆಲೆ ಚಹಾ ನೆನಪಾಗ್ತದ.

ನಾ ಪುಣೆದಾಗ ಭೋಸರಿ ಕಡೆ ಗ್ಯಾರೇಜಿನಾಗ ಇರ್ತೀನಿ, ಹೆಚ್ಚಾಗಿ ಹಳೇ ಡೀಸೆಲ್ ಪಿಕಪ್ ಕೆಲಸ. ಮುಂಬೈ ಗೆಳೆಯರು ಕೇಳ್ತಾರ, ನಮ್ಮ ಹವಾಕ್ಕ ಹೀಟರ್ ಯಾರಿಗೆ ಬೇಕೋ ಅಂತ. ಅವ್ರಿಗೆ ಬ್ಯಾಡ ಬಿಡ್ರಿ. ಜನವರಿ ನಸುಕಿನ್ಯಾಗ ಪಾಚಗಣಿಯಿಂದ ಸ್ಟ್ರಾಬೆರಿ ತುಂಬ್ಕೊಂಡು ಪಸರಣಿ ಘಾಟ್ ಇಳಿದು ಗುಲ್ಟೇಕಡಿ ಮಾರ್ಕೆಟ್ ಯಾರ್ಡಿಗೆ ಬರೋ ಡ್ರೈವರನ್ನ ಕೇಳ್ರಿ, ಕೈ ಬೆಚ್ಚಗಾಗೂದು ಆಮ್ಯಾಲಿನ ಮಾತು, ಮೊದ್ಲ ಗಾಜಿನ ಮ್ಯಾಲಿನ ಮಂಜು ಹೋಗಬೇಕಲ್ಲ.

ಅಂಥಾ ಧಂದೆದ ಒಂದು ಡಬಲ್ ಕ್ಯಾಬ್ ಗಾಡಿ ಚಳಿಗಾಲದಾಗ ನಮ್ಮ ಕಡೆ ಬಂತು. ಮಾಲಕ್ರು ಅಕ್ಕಲಕೋಟ ಕಡೆಯವ್ರು, ಮನಿಯೊಳಗ ಕನ್ನಡ, ನಾವೆಲ್ಲಾ ಕಾಕಾ ಅಂತೀವಿ. "ಮಿಸ್ತ್ರಿ, ಕ್ಯಾಬಿನ್‌ದಾಗ ಬೆಲ್ಲದ ಪಾಕದಂಗ ವಾಸ್ನಿ ಹೊಡಿತದ, ಗಾಜು ಎಷ್ಟು ಒರಸಿದ್ರೂ ಜಿಡ್ಡು ಹೋಗವಲ್ದು, ಕೆಳಗ ಕಾರ್ಪೆಟ್ ಹಸಿ ಅದ, ಎಸಿ ನೀರು ಅಂತ ಒಬ್ಬವ ಹೇಳಿ ಕಳಿಸಿದ" ಅಂದ್ರು.

ಹಸಿ ಕಾರ್ಪೆಟ್‌ಗೆ ಮೂರು ನೀರು ಕಾರಣ ಇರ್ಬಹುದು, ಇದು ಹುಡುಗ್ರಿಗೆ ಮೊದ್ಲ ಕಲಿಸಬೇಕು. ಎಸಿದು ಡ್ರೇನ್ ಪೈಪ್ ಕಟ್ಟಿದ್ರ ನೀರು ಒಳಗ ಬೀಳ್ತದ, ಆದ್ರ ಅದು ಬರೇ ನೀರು, ವಾಸ್ನಿ ಇಲ್ಲ, ಅಂಟೂದಿಲ್ಲ, ಎಸಿ ಹಚ್ಚಿದಾಗಷ್ಟ ಬರ್ತದ. ವೈಪರ್ ಕೆಳಗಿನ ಜಾಳಿಗ್ಯಾಗ ಎಲಿ ತುಂಬಿದ್ರ ಮಳಿ ನೀರು ಇಳಿತದ, ಜುಲೈದಾಗ ಅದನ್ನೂ ನೋಡಬೇಕು. ಮೂರನೇದ್ದು ಕೂಲಂಟ್, ಎರಡು ಬೆರಳ ನಡುವ ತಿಕ್ಕಿದ್ರ ಜಿಬುಜಿಬು ಅಂತದ, ಹಸ್ರೋ ಗುಲಾಬಿನೋ ಬಣ್ಣ ಇರ್ತದ, ಸಿಹಿ ವಾಸ್ನಿ. ಮೂಸ್ರಿ, ನಾಲಿಗಿಗೆ ಮಾತ್ರ ಹಚ್ಚಬ್ಯಾಡ್ರಿ, ಅದರೊಳಗಿನ ಎಥಿಲೀನ್ ಗ್ಲೈಕಾಲ್ ವಿಷ. ತೆಗೆದ ಕೂಲಂಟ್ ತೆರೆದ ಟ್ರೇದಾಗ ಇಟ್ಟು ಮನಿಗೆ ಹೋಗೂದೂ ಬ್ಯಾಡ, ರುಚಿಗೆ ನಾಯಿ ನೆಕ್ಕಿ ಸಾಯ್ತಾವ.

ವಾಸ್ನಿ ಬಂತಂತ ಪೇಚಕಸ ಹಿಡಿಯೂದಲ್ಲ ಮತ್ತ. ಇಂಜಿನ್ ಪೂರಾ ಆರಿದ ಮ್ಯಾಲ ರೇಡಿಯೇಟರಿಗೆ ಪ್ರೆಶರ್ ಟೆಸ್ಟರ್ ಹಾಕಿ, ಕ್ಯಾಪ್ ಮ್ಯಾಲ ಎಷ್ಟು ಬರೆದಿರ್ತದೋ ಅಷ್ಟ ಪ್ರೆಶರ್ ಕೊಡಬೇಕು, 0.9 ಬಾರ್ ಇದ್ರ 0.9, 1.1 ಇದ್ರ 1.1, ಜೋರು ಮಾಡಿ ಜಾಸ್ತಿ ಪಂಪ್ ಹೊಡೆದ್ರ ಛಲೋ ಇದ್ದದ್ದೂ ಒಡಿತದ. ಕಾಕಾರ ಗಾಡ್ಯಾಗ ಟೆಸ್ಟರಿನ ಮುಳ್ಳು ಸಾವಕಾಶ ಇಳೀಲಿಕ್ಕ ಹತ್ತಿತು, ಬಾನೆಟ್ ಕೆಳಗ ಎಲ್ಲಾ ಒಣಾ. ಆಮ್ಯಾಲ ಹೀಟರಿಗೆ ಹೋಗೋ ಎರಡೂ ಪೈಪ್ ಬಿಡಿಸಿ ಒಂದಕ್ಕೊಂದು ಜೋಡಿಸಿ ಮತ್ತ ಟೆಸ್ಟ್ ಮಾಡಿದ್ವಿ, ಈಗ ಮುಳ್ಳು ಅಲ್ಲಾಡ್ಲಿಲ್ಲ. ಕೋರ್ ಹೋಗೇದ, ಮುಗೀತು. ಇಷ್ಟು ಮಾಡದ ಡ್ಯಾಶ್‌ಬೋರ್ಡಿಗೆ ಕೈ ಹಚ್ಚೂದು ನನಗ ಸೇರೂದಿಲ್ಲ.

ಸೋರೂದಿಲ್ಲ, ಆದ್ರ ಬಿಸಿ ಗಾಳಿ ಬರವಲ್ದು ಅಂತ ಬರೋ ಗಾಡಿ ಬ್ಯಾರೆ ಲೆಕ್ಕ. ಎರಡೂ ಪೈಪ್ ಮುಟ್ಟಿ ನೋಡ್ರಿ, ಒಂದು ಬಿಸಿ ಒಂದು ತಣ್ಣಗ ಇದ್ರ ಕೋರ್ ಕಟ್ಟೇದ ಇಲ್ಲಾ ಹೀಟರಿಗೆ ಕೂಲಂಟ್ ಬಿಡೋ ವಾಲ್ವ್ ತೆರಿಯವಲ್ದು, ಎರಡೂ ಬಿಸಿ ಇದ್ರ ಬಹಳ ಸಲ ಒಳಗ ಗಾಳಿ ಕೋರಿನ ಕಡೆ ತಿರುಗಿಸೋ ಫ್ಲ್ಯಾಪಿನ ಕೇಬಲ್ ಜಾರಿರ್ತದ, ಅದಕ್ಕ ಕೋರ್ ಬದ್ಲಿ ಮಾಡಿ ಬಿಲ್ ಮಾಡೋ ಜನನೂ ಅದಾರ, ಇರ್ಲಿ.

ಬಿಚ್ಚೂಕಿಂತ ಮೊದ್ಲ ಇನ್ನೊಂದು ಕೆಲಸ, ಮಾತಾಡೂದು. "ಕಾಕಾ, ಸಾಮಾನಿಗಿಂತ ಮಜೂರಿ ಜಾಸ್ತಿ ಆಗ್ತದ, ಗಾಡಿ ನಿಲ್ಲತದ. ಬ್ಯಾಡಂದ್ರ ಈ ಎರಡೂ ಪೈಪ್ ಹಿಂಗ ಜೋಡಿಸಿ ಗಟ್ಟಿ ಕ್ಲಿಪ್ ಹಾಕಿ ಕೊಡ್ತೀನಿ, ಗಾಡಿ ಆರಾಮ ಓಡ್ತದ, ಹೀಟರ್ ಅಷ್ಟ ಇರೂದಿಲ್ಲ." ಊರಾಗ ತಿರುಗೋ ಗಾಡಿಗಿ ಅದು ಪ್ರಾಮಾಣಿಕ ಕೆಲಸನ, ನಾಚಿಕಿ ಏನಿಲ್ಲ. ಕಾಕಾ ಘಾಟ್ ನೆನೆಸಿ, ಬದ್ಲೀನ ಮಾಡು ಅಂದ್ರು.

ಇಳಿಸಿದ ಕೂಲಂಟ್ ಕಂದು ಬಣ್ಣ ಆಗಿತ್ತು, ತಳದಾಗ ಹಳದಿ ಗಸಿ. ಕೇಳಿದ್ರ, ಯಾವಾಗೋ ರೇಡಿಯೇಟರ್ ಸೋರಿದಾಗ ದಾರ್‍ಯಾಗ ಯಾರೋ ಅರಿಶಿಣ ಪುಡಿ ಹಾಕಿದ್ರಂತ, ಆಮ್ಯಾಲಿಂದ ಕೂಲಂಟ್ ಕಮ್ಮಿ ಆದಾಗೆಲ್ಲಾ ಮ್ಯಾಲ ಬೋರ್ ನೀರು. ಅರಿಶಿಣ ಹಾಕಿದ್ರ ಸಣ್ಣ ಸೋರಿಕಿ ನಿಲ್ತದ, ಖರೆ, ಅದಕ್ಕ ಜನ ನಂಬ್ತಾರ. ಆದ್ರ ಹೀಟರ್ ಕೋರಿನ ನಳಿಗಿ ಭಾಳ ಸಣ್ಣ, ಪುಡಿ ಹೋಗಿ ಕೂಡೂದೂ ಅಲ್ಲೇ. ಬಾಟ್ಲಿದಾಗ ಸಿಗೋ ಲೀಕ್ ನಿಲ್ಸೋ ಔಷಧಕ್ಕೂ ಇದ ಮಾತು.

ಅದಕ್ಕ ನಾ ಹೇಳೂದು, ಕೋರ್ ಯಾಕ ಸತ್ತಿತು ಅಂತ ತಿಳೀದ ಹೊಸಾದು ಕೂಡಿಸಬ್ಯಾಡ್ರಿ, ಅದೂ ಅದ ದಾರಿ ಹಿಡಿತದ, ಮತ್ತ ಅದ ಡ್ಯಾಶ್‌ಬೋರ್ಡ್ ನೀವ ಕೀಳಬೇಕು. ಮಲ್ಟಿಮೀಟರ್ ತಗೊಂಡು ಒಂದು ವೈರ್ ಬ್ಯಾಟ್ರಿ ನೆಗೆಟಿವ್‌ಗೆ, ಇನ್ನೊಂದು ರೇಡಿಯೇಟರಿನೊಳಗಿನ ಕೂಲಂಟಿನ್ಯಾಗ ಅದ್ದಿ ನೋಡ್ರಿ, 0.3 ವೋಲ್ಟ್ ದಾಟಿತಂದ್ರ ಅರ್ಥಿಂಗ್ ಕೆಟ್ಟದ ಇಲ್ಲಾ ಕೂಲಂಟ್ ಕೆಟ್ಟದ, ಆ ಕರೆಂಟ್ ಕೋರಿನ ಅಲ್ಯೂಮಿನಿಯಂ ತಿಂತದ. ಇಂಜಿನ್‌ನಿಂದ ಚಾಸಿಗೆ ಹೋಗೋ ಅರ್ಥ್ ಪಟ್ಟಿ ಬಿಚ್ಚಿ ತಿಕ್ಕಿ ಬಿಗಿ ಮಾಡಿದ್ವಿ, ಹೊಸ ಕೋರ್ ಕೂಡಿಸೂಕಿಂತ ಮೊದ್ಲ ನೀರು ಸ್ವಚ್ಛ ಬರೂ ತನಕ ಇಂಜಿನ್ ತೊಳೆದ್ವಿ.

ಬಿಚ್ಚೂದರ ಬಗ್ಗೆ ಭಾಳ ಹೇಳೂದಿಲ್ಲ, ಒಂದೊಂದು ಗಾಡಿ ಒಂದೊಂದು ಥರ. ಬ್ಯಾಟ್ರಿ ನೆಗೆಟಿವ್ ಮೊದ್ಲ ತೆಗೀರಿ. ಹಳೇ ಪ್ಲಾಸ್ಟಿಕ್ ಚಳ್ಯಾಗ ಚಟ್ ಅಂತ ಮುರಿತದ, ಗಾಡಿ ಸ್ವಲ್ಪ ಬಿಸಲಾಗ ನಿಲ್ಲಿಸಿ ಕೈ ಹಚ್ರಿ. ವೈರ್ ಜೋಡಿಸೋ ಕಪ್ಲರಿಗೆಲ್ಲಾ ಟೇಪ್ ಹಚ್ಚಿ ನಂಬರ್, ಮೊಬೈಲ್‌ದಾಗ ಫೋಟೋ. ಕೋರಿನ ಮೂತಿಗೆ ಹಿಡಕೊಂಡ ಪೈಪ್ ತಿರುವಿ ಜಗ್ಗಬ್ಯಾಡ್ರಿ, ಬ್ಲೇಡ್‌ನಿಂದ ಉದ್ದಕ್ಕ ಸೀಳಿ ಹೊಸ ಪೈಪ್ ಹಾಕ್ರಿ. ಎಸಿದು ಕಾಯಿಲ್ ಅದ ಡಬ್ಬಿಯೊಳಗ ಇದ್ದು ಅಡ್ಡ ಬಂದ್ರ ಗ್ಯಾಸ್ ಮಶೀನ್‌ನಿಂದ ತುಂಬ್ಕೊಂಡು ಇಡಬೇಕು, ಹವಾದಾಗ ಬಿಡೂದಲ್ಲ. ಕಾಕಾರ ಗಾಡ್ಯಾಗ ಕೋರ್ ಪಕ್ಕದಿಂದ ಸರಿದು ಬಂತು, ಪುಣ್ಯ. ಬ್ಲೋವರ್ ಒಳಗ ಮಾತ್ರ ಇಲಿ ಗೂಡು, ಸ್ಟ್ರಾಬೆರಿ ಡಬ್ಬಿಯ ಕಾಗದದ್ದ ಕಟ್ಟಿತ್ತು, ನಮ್ಮ ಹುಡುಗ "ಅಣ್ಣಾ, ಇದರ ಬಾಡಿಗಿ ಯಾರು ಕೊಡ್ತಾರ" ಅಂದ.

ಹೊಸ ಕೋರಿನ ಸುತ್ತ ಫೋಮ್ ಪಟ್ಟಿ ಮರೀಬ್ಯಾಡ್ರಿ. ಅದಿಲ್ಲಂದ್ರ ಗಾಳಿ ಕೋರ್ ಬಿಟ್ಟು ಬಾಜೂಕಿಂದ ಜಾರಿ ಹೋಗ್ತದ, ಎಲ್ಲಾ ಹೊಸಾದು ಹಾಕಿನೂ ಗಾಳಿ ಉಗುರುಬೆಚ್ಚಗ, ಗಿರಾಕಿ ವಾಪಸ್. ಡ್ಯಾಶ್‌ಬೋರ್ಡ್ ಏರಿಸೂಕಿಂತ ಮೊದ್ಲ ಒಮ್ಮೆ ಪ್ರೆಶರ್ ಟೆಸ್ಟ್ ಮಾಡ್ರಿ, ಎಸಿ ಡ್ರೇನ್ ಊದ್ರಿ, ಫ್ಲ್ಯಾಪ್ ಆಡಿಸಿ ನೋಡ್ರಿ.

ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತುಂಬುವಾಗ ಗಾಡಿ ಮೂತಿ ಮ್ಯಾಲ ಮಾಡಿ ನಿಲ್ಲಿಸಿ, ಹೀಟರ್ ಲಿವರ್ ಫುಲ್ ಬಿಸಿ ಕಡೆ ಇಟ್ಟು, ಸಾವಕಾಶ ಹಾಕಬೇಕು, ಥರ್ಮೋಸ್ಟ್ಯಾಟ್ ತೆರೆದು ಮ್ಯಾಲಿನ ಪೈಪ್ ಬಿಸಿ ಆಗೂ ತನಕ ಇಂಜಿನ್ ಓಡ್ಲಿ. ಡ್ಯಾಶ್‌ಬೋರ್ಡ್ ಹಿಂದ ಗುಳುಗುಳು ಅಂದ್ರ ಇನ್ನಾ ಹವಾ ಅದ.

ಕಾರ್ಪೆಟ್ ಹೊರಗ ತೆಗೆದು ಸಾಬಾಣ ಹಾಕಿ ತೊಳೀರಿ, ಗ್ಲೈಕಾಲ್ ತಾನಾಗಿ ಒಣಗೂದಿಲ್ಲ, ಹಂಗ ಬಿಟ್ರ ಕೆಳಗಿನ ತಗಡಿಗೆ ಜಂಗ್ ಹಿಡಿತದ. ಕಾಕಾಗ ಹಳೇ ಕೋರ್ ಕೊಯ್ದು ಅರಿಶಿಣದ ಗಸಿ ತೋರಿಸಿ, ನಾಕು ದಿನ ಬಿಟ್ಟು ಇಂಜಿನ್ ತಣ್ಣಗಿದ್ದಾಗ ಲೆವೆಲ್ ನೋಡ್ರಿ, ಸ್ವಲ್ಪ ಇಳಿದಿದ್ರ ಅದ ಕೂಲಂಟ್ ಹಾಕ್ರಿ, ಬೋರ್ ನೀರು ಬ್ಯಾಡ ಅಂತ ಹೇಳಿ, ಒಂದು ಲೀಟರ್ ಕಲಿಸಿದ್ದು ಕ್ಯಾನಿನಾಗ ಹಾಕಿ ಸೀಟ್ ಹಿಂದ ಇಟ್ಟು ಕಳಿಸಿದ್ವಿ.